ಸ್ಕೂಟರ್ ಕೀ ಕೊಡುವ ವಯಸ್ಸು ಯಾವುದು?

ಪುಣೆಯಲ್ಲಿ ಜೂನ್ ಬಂತೆಂದರೆ ಮಳೆಯ ಜೊತೆಗೇ ಇನ್ನೊಂದು ಋತುವೂ ಶುರುವಾಗುತ್ತದೆ. ಹತ್ತನೇ ತರಗತಿ ಮುಗಿಸಿದ ಮಕ್ಕಳು ಹನ್ನೊಂದನೇ ತರಗತಿಗೆ ಸೇರುತ್ತಾರೆ. ನಮ್ಮ ಪಿಯುಸಿಗೆ ಇಲ್ಲಿ ಜೂನಿಯರ್ ಕಾಲೇಜು ಎನ್ನುತ್ತಾರೆ. ಕಾಲೇಜಿನ ಹೆಸರು ದಾಖಲಾತಿಗೆ ಮಾತ್ರ, ನಿಜವಾದ ಓದು ಕೋಚಿಂಗ್ ಕ್ಲಾಸಿನಲ್ಲಿ. ಆ ಕ್ಲಾಸುಗಳ ಮುಂದೆ ಬೆಳಿಗ್ಗೆ ಆರೂವರೆಗೆ ಹೋಗಿ ನಿಂತು ನೋಡಿ. ಸಾಲುಸಾಲು ಸ್ಕೂಟರುಗಳು. ಓಡಿಸಿಕೊಂಡು ಬಂದವರಲ್ಲಿ ಹೆಚ್ಚಿನವರಿಗೆ 16 ತುಂಬಿರುತ್ತದೆ, 17 ತುಂಬಿರುವುದಿಲ್ಲ. ಕಾವಲುಗಾರ ಅವರಿಗೆ ಗಾಡಿ ಓರಣವಾಗಿ ನಿಲ್ಲಿಸಲು ಸೀಟಿ ಊದಿ ಸಹಾಯ ಮಾಡುತ್ತಾನೆ. ಲೈಸೆನ್ಸ್ ಇದೆಯಾ ಎಂದು ಯಾರೂ ಕೇಳುವುದಿಲ್ಲ, ಏಕೆಂದರೆ ಉತ್ತರ ಎಲ್ಲರಿಗೂ ಗೊತ್ತು.

ಈ ಮೇ ತಿಂಗಳಲ್ಲಿ ನನ್ನ ಮಗಳಿಗೆ 16 ತುಂಬಿತು. ಹುಟ್ಟುಹಬ್ಬಕ್ಕೆ ಏನು ಬೇಕು ಎಂದು ಕೇಳುವ ಮೊದಲೇ ಉತ್ತರ ಸಿದ್ಧವಾಗಿತ್ತು. ಹೊಸ ಗಾಡಿ ಬೇಡವಂತೆ, ಮನೆಯಲ್ಲಿರುವ ನನ್ನ ಸ್ಕೂಟರೇ ಸಾಕಂತೆ. ನಾನು ಆಫೀಸಿಗೆ ಕಂಪನಿ ಬಸ್ಸಿನಲ್ಲಿ ಹೋಗುವುದರಿಂದ ಅದು ವಾರದಲ್ಲಿ ಮೂರು ದಿನ ಸುಮ್ಮನೆ ನಿಂತಿರುತ್ತದೆ ಎಂಬ ಲೆಕ್ಕವನ್ನೂ ಕೊಟ್ಟಳು. ಅವಳ ಲೆಕ್ಕದಲ್ಲಿ ತಪ್ಪಿಲ್ಲ. ಆದರೂ ನಾನು ಇಲ್ಲ ಎಂದೆ. ಆಮೇಲೆ ಮನೆಯಲ್ಲಿ ಎರಡು ದಿನ ಮಾತಿಲ್ಲ. ಮೂರನೆಯ ದಿನ ಬಂದ ಮಾತು ಹೀಗಿತ್ತು: ‘ಎಲ್ಲಾರ ಮನ್ಯಾಗೂ ಕೊಡ್ತಾರ. ನಿಂಗ ಅಷ್ಟ ನನ್ ಮ್ಯಾಲೆ ನಂಬಿಕಿ ಇಲ್ಲ.’

ಇದಕ್ಕೆ ಉತ್ತರ ಕೊಡುವುದು ನನಗೆ ಸುಲಭವಲ್ಲ. ಹೆಣ್ಣುಮಕ್ಕಳಿಗೆ ಸ್ಕೂಟರ್ ಏನು ಕೊಡುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಧಾರವಾಡದಲ್ಲಿ ತಾಸಿನ ಲೆಕ್ಕದ ಬಾಡಿಗೆ ಸೈಕಲ್ ಕಲಿತದ್ದು ಬಿಟ್ಟರೆ, ಎಂಜಿನಿಯರಿಂಗ್ ಮುಗಿಯುವವರೆಗೂ ನನ್ನ ಕೈಗೆ ಯಾವ ಗಾಡಿಯ ಹ್ಯಾಂಡಲ್ಲೂ ಬರಲಿಲ್ಲ. ತಮ್ಮನಿಗೆ ಹೈಸ್ಕೂಲಿನಲ್ಲೇ ಅಪ್ಪಾಜಿಯ ಬೈಕ್ ಸಿಕ್ಕಿತ್ತು. ‘ನಿನಗ್ಯಾಕ, ಅಂವ ಬಿಟ್ಟು ಬರ್ತಾನ’ ಎನ್ನುವುದು ಮನೆಯ ನಿಯಮ. ಪುಣೆಗೆ ಬಂದ ಮೊದಲ ವಾರ ರಸ್ತೆಯಲ್ಲಿ ನಾನು ಕಣ್ಣರಳಿಸಿ ನೋಡಿದ್ದು ಶನಿವಾರವಾಡೆಯನ್ನಲ್ಲ, ಮುಖಕ್ಕೆ ಓಢಣಿ ಕಟ್ಟಿಕೊಂಡು ಸ್ಕೂಟಿಯಲ್ಲಿ ಹೋಗುವ ಹುಡುಗಿಯರನ್ನು. ಅಜ್ಜಿಯರೂ ಓಡಿಸುತ್ತಿದ್ದರು. ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಸಹೋದ್ಯೋಗಿಯ ಸ್ಕೂಟಿಯಲ್ಲಿ ಕಲಿತೆ. ತಿಂಗಳ ನಂತರ ಒಬ್ಬಳೇ ತರಕಾರಿ ತಂದ ದಿನ ಅವ್ವನಿಗೆ ಫೋನ್ ಮಾಡಿ ಹೇಳಿದ್ದೆ. ರಾತ್ರಿ ಶಿಫ್ಟ್ ಮುಗಿಸಿ ಬರುವಾಗ ಯಾರನ್ನೂ ಕಾಯಬೇಕಿಲ್ಲ, ಆಟೊದವರ ಜೊತೆ ಚೌಕಾಸಿ ಬೇಡ, ಯಾರ ಋಣವೂ ಬೇಡ. ಇದೆಲ್ಲ ಅನುಭವಿಸಿದ ತಾಯಿ ಮಗಳಿಗೆ ‘ನಿನಗ್ಯಾಕ’ ಎನ್ನಲು ಬಾಯಿ ಬರುವುದಿಲ್ಲ. ನಾನು ಹಾಗೆ ಹೇಳಿಯೂ ಇಲ್ಲ. ಹೇಳಿದ್ದು ‘ಈಗ ಬೇಡ’ ಎಂದು. ಇವೆರಡೂ ಬೇರೆ ಎಂದು 16ರ ಹುಡುಗಿಗೆ ಒಪ್ಪಿಸುವುದು ಕಷ್ಟ. ಸರಿಯಾಗಿ ಓದಿಕೊಂಡರೆ ಕಾನೂನು ಹೇಳುವುದೂ ಇದನ್ನೇ.

ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 4ರ ಪ್ರಕಾರ 18 ತುಂಬದವರು ಸಾರ್ವಜನಿಕ ಸ್ಥಳದಲ್ಲಿ ಮೋಟಾರು ವಾಹನ ಓಡಿಸುವಂತಿಲ್ಲ. ಅದರಲ್ಲಿ ಒಂದು ವಿನಾಯಿತಿ ಇದೆ. 16 ತುಂಬಿದವರು 50 ಸಿಸಿ ಮೀರದ ಎಂಜಿನ್ನಿನ ದ್ವಿಚಕ್ರ ವಾಹನ ಓಡಿಸಬಹುದು. ನಮ್ಮ ಅಪ್ಪಂದಿರ ಕಾಲದ ಲೂನಾ ಇತ್ತಲ್ಲ, ಅಂಥದ್ದು. ಪೆಡಲ್ ತುಳಿದು ಚಾಲೂ ಮಾಡುವ, ಏರು ಬಂದರೆ ಏದುಸಿರು ಬಿಡುವ ಗಾಡಿ. ಇಂದು ಯಾವ ಶೋರೂಮಿಗೆ ಹೋದರೂ ಸಾಲಾಗಿ ನಿಂತಿರುವುದು 110, 125 ಸಿಸಿಯವು. ಅಂದರೆ ವಿನಾಯಿತಿ ಪುಸ್ತಕದಲ್ಲಿ ಉಳಿಯಿತು, ಗಾಡಿ ಮಾರುಕಟ್ಟೆಯಿಂದ ಹೋಯಿತು. ಆದರೆ ‘ಹದಿನಾರಕ್ಕೆ ಲೈಸೆನ್ಸ್ ಸಿಗುತ್ತದೆ’ ಎಂಬ ಅರ್ಧ ಮಾತು ಮಾತ್ರ ಪೋಷಕರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಇಂದಿಗೂ ಓಡಾಡುತ್ತಿದೆ. ಆ ಲೈಸೆನ್ಸ್ ಹಿಡಿದು 110 ಸಿಸಿಯ ಗಾಡಿ ಓಡಿಸಿದರೆ, ಲೈಸೆನ್ಸ್ ಇಲ್ಲದೆ ಓಡಿಸಿದ ಹಾಗೆಯೇ.

2019ರ ತಿದ್ದುಪಡಿಯಲ್ಲಿ ಸೇರಿದ ಸೆಕ್ಷನ್ 199ಎ ಬಗ್ಗೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹತ್ತು ಜನರನ್ನು ಕೇಳಿದರೆ ಒಂಬತ್ತು ಜನ ‘ಏನೋ ದಂಡ ಜಾಸ್ತಿ ಮಾಡಿದ್ದಾರೆ’ ಎನ್ನುತ್ತಾರೆ. ದಂಡ ಅದರ ಸಣ್ಣ ಭಾಗ. ಅಪ್ರಾಪ್ತ ವಯಸ್ಸಿನವರು ವಾಹನ ಓಡಿಸಿ ಅಪರಾಧ ಮಾಡಿದರೆ ಪೋಷಕರು ಅಥವಾ ವಾಹನದ ಮಾಲೀಕರನ್ನೇ ತಪ್ಪಿತಸ್ಥರೆಂದು ಭಾವಿಸಲಾಗುತ್ತದೆ. 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ವಾಹನದ ನೋಂದಣಿ 12 ತಿಂಗಳ ಕಾಲ ರದ್ದು. ಓಡಿಸಿದ ಹುಡುಗ ಅಥವಾ ಹುಡುಗಿಗೆ 25 ವರ್ಷ ತುಂಬುವವರೆಗೆ ಎಲ್ಎಲ್ ಕೂಡ ಸಿಗುವುದಿಲ್ಲ. ನನಗೆ ಗೊತ್ತಿಲ್ಲದೆ ಕೀ ತೆಗೆದುಕೊಂಡು ಹೋದ ಎಂದು ಹೇಳಬಹುದು, ಆದರೆ ಅದನ್ನು ಸಾಬೀತು ಮಾಡುವ ಹೊಣೆ ಪೋಷಕರದು. ವಿಮೆಯ ಕಥೆಯೂ ಇದೇ. ಲೈಸೆನ್ಸ್ ಇಲ್ಲದವರ ಕೈಗೆ ಗಾಡಿ ಕೊಟ್ಟರೆ ಪಾಲಿಸಿಯ ಷರತ್ತು ಮುರಿದಂತೆ. ಗಾಯಗೊಂಡವರಿಗೆ ಕೊಟ್ಟ ಪರಿಹಾರವನ್ನು ಕಂಪನಿ ಮಾಲೀಕರಿಂದ ವಸೂಲಿ ಮಾಡಬಹುದು. ಮನೆ ಸಾಲ ಕಟ್ಟುತ್ತಿರುವ ಸಂಸಾರ ಇದನ್ನು ಹೇಗೆ ತಡೆದುಕೊಳ್ಳುತ್ತದೆ?

ಮಗಳಿಗೆ ಇದನ್ನೆಲ್ಲ ಹೇಳಿದಾಗ ಅವಳು ಒಂದು ಒಳ್ಳೆಯ ಪ್ರಶ್ನೆ ಕೇಳಿದಳು. ‘ಅಂದ್ರ ನೀ ಜೇಲಿಗೆ ಹೋಗ್ತಿ ಅಂತ ಬ್ಯಾಡ ಅಂತೀಯೇನ್?’ ಅಲ್ಲ. ಕಾನೂನು ಇಲ್ಲದಿದ್ದರೂ ನಾನು ಕೊಡುತ್ತಿರಲಿಲ್ಲ. ಯಾಕೆ ಎಂದು ಹೇಳಲು ನಾನು ಈ ಊರಿನದೇ ಒಂದು ಘಟನೆಗೆ ಹೋಗಬೇಕು.

2024ರ ಮೇ 19ರ ನಸುಕಿನಲ್ಲಿ, ಕಲ್ಯಾಣಿನಗರದಲ್ಲಿ, 17 ವರ್ಷದ ಹುಡುಗ ಓಡಿಸುತ್ತಿದ್ದನೆನ್ನಲಾದ ಪೋರ್ಷೆ ಕಾರು ಬೈಕಿಗೆ ಗುದ್ದಿತು. ಬೈಕಿನಲ್ಲಿದ್ದ ಇಬ್ಬರೂ ಸತ್ತರು. ಒಬ್ಬ ಹುಡುಗ, ಒಬ್ಬಳು ಹುಡುಗಿ, ಇಬ್ಬರಿಗೂ 24 ವರ್ಷ. ಇಬ್ಬರೂ ಮಧ್ಯಪ್ರದೇಶದಿಂದ ಬಂದ ಸಾಫ್ಟ್‌ವೇರ್ ಎಂಜಿನಿಯರುಗಳು. ಅದೇ ದಿನ ಬಾಲನ್ಯಾಯ ಮಂಡಳಿ ಕೊಟ್ಟ ಜಾಮೀನಿನ ಷರತ್ತುಗಳಲ್ಲಿ ರಸ್ತೆ ಅಪಘಾತದ ಬಗ್ಗೆ 300 ಪದಗಳ ಪ್ರಬಂಧ ಬರೆಯುವುದೂ ಒಂದಾಗಿತ್ತು. ದೇಶವೇ ಸಿಟ್ಟಾದ ಮೇಲೆ ಆದೇಶ ಬದಲಾಯಿತು, ತಂದೆಯ ಬಂಧನವಾಯಿತು, ರಕ್ತದ ಮಾದರಿ ಬದಲಿಸಿದ ಆರೋಪದಲ್ಲಿ ವೈದ್ಯರೂ ಬಂಧನಕ್ಕೊಳಗಾದರು. ಟಿವಿಯಲ್ಲಿ ಚರ್ಚೆಯೆಲ್ಲ ಆ ಹುಡುಗನ ಮನೆಯ ಹಣದ ಸುತ್ತಲೇ ತಿರುಗಿತು. ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಮಾತ್ರ ಎಲ್ಲರೂ ಸತ್ತವರ ಬಗ್ಗೆ ಮಾತಾಡಿದರು. ಊರು ಬಿಟ್ಟು ಬಂದು, ವಾರಾಂತ್ಯಕ್ಕೆ ಸ್ನೇಹಿತರ ಜೊತೆ ಹೊರಗೆ ಹೋದವರು. ಹತ್ತು ಹದಿನೈದು ವರ್ಷದ ಹಿಂದೆ ನಾವೆಲ್ಲ ಹಾಗೇ ಇದ್ದೆವು. ಫೋನ್ ಬಂದಾಗ ಅವರ ಅಪ್ಪ ಅಮ್ಮ ನೂರಾರು ಮೈಲಿ ದೂರದಲ್ಲಿದ್ದರು.

ಇದು ಶ್ರೀಮಂತರ ಕಾಯಿಲೆ, ನಮ್ಮ ಸ್ಕೂಟರಿಗೂ ಇದಕ್ಕೂ ಏನು ಸಂಬಂಧ ಎನ್ನುವವರಿದ್ದಾರೆ. ಕುಡಿತ, ಪೋರ್ಷೆ, ಪಬ್ಬು ಇವೆಲ್ಲ ನಮ್ಮ ಮನೆಗಳಲ್ಲಿಲ್ಲ, ನಿಜ. ಆದರೆ ‘ನಮ್ಮ ಹುಡುಗ ಚೆನ್ನಾಗಿ ಓಡಿಸ್ತಾನೆ, ಏನೂ ಆಗಲ್ಲ’ ಎಂಬ ಮಾತು ಆ ಬಂಗಲೆಯಲ್ಲೂ ಇರುತ್ತದೆ, ನಮ್ಮ ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲೂ ಇರುತ್ತದೆ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ದಿನಕ್ಕೆ ನಾನೂರ ಅರವತ್ತಕ್ಕೂ ಹೆಚ್ಚು. ಅವರಲ್ಲಿ ನೂರಕ್ಕೆ 44 ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಪೋರ್ಷೆಯಲ್ಲಿದ್ದವರಲ್ಲ.

ಚೆನ್ನಾಗಿ ಓಡಿಸುವುದು ಎಂದರೆ ಏನು ಎಂಬಲ್ಲೇ ನಮಗೂ ಮಕ್ಕಳಿಗೂ ವ್ಯತ್ಯಾಸವಿದೆ. ಮಕ್ಕಳು ಕೈಚಳಕವನ್ನು ಹೇಳುತ್ತಾರೆ. ಬ್ಯಾಲೆನ್ಸ್, ತಿರುವು, ಸಂದಿಯಲ್ಲಿ ನುಗ್ಗುವುದು. ಅದರಲ್ಲಿ ಅವರು ನಮಗಿಂತ ಚುರುಕು, ಒಪ್ಪೋಣ. ಆದರೆ ಗಂಟೆಗೆ 40 ಕಿ.ಮೀ. ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ಹೋಗುತ್ತದೆ. 60ರಲ್ಲಿ 16 ಮೀಟರಿಗೂ ಹೆಚ್ಚು. ಮುಂದೆ ನಿಂತ ರಿಕ್ಷಾದ ಮರೆಯಿಂದ ಮಗು ಓಡಿಬಂದೀತು ಎಂದು ಮೊದಲೇ ಅನಿಸಬೇಕು. ಅನಿಸಿದ ಮೇಲೆ ಬ್ರೇಕ್ ಹಿಡಿಯುವಷ್ಟರಲ್ಲಿ ಅಷ್ಟು ದೂರ ಹೋಗಿಯೇ ಬಿಟ್ಟಿರುತ್ತೇವೆ. ಇನ್ನು ಹೊಡೆತದ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 40ರಿಂದ 60ಕ್ಕೆ ಹೋದರೆ ವೇಗ ಒಂದೂವರೆ ಪಟ್ಟು, ಹೊಡೆತ ಎರಡೂಕಾಲು ಪಟ್ಟು. ಹನ್ನೊಂದನೇ ತರಗತಿಯ ಭೌತಶಾಸ್ತ್ರದಲ್ಲಿ ಇದೇ ಸೂತ್ರಕ್ಕೆ ನನ್ನ ಮಗಳು ಪೂರ್ತಿ ಅಂಕ ತೆಗೆಯುತ್ತಾಳೆ. ರಸ್ತೆಯಲ್ಲಿ ಅದು ನೆನಪಿಗೆ ಬರುವುದಕ್ಕೆ ಬೇರೆಯೇ ಅಭ್ಯಾಸ ಬೇಕು. ನಮ್ಮ ಕೆಲಸದಲ್ಲಿ ಎಷ್ಟೇ ಬುದ್ಧಿವಂತ ಹುಡುಗ ಸೇರಿದರೂ ಮೊದಲ ದಿನವೇ ಪ್ರೊಡಕ್ಷನ್ ಸರ್ವರಿನ ಪಾಸ್‌ವರ್ಡ್ ಕೊಡುವುದಿಲ್ಲ. ಅವನ ಮೇಲೆ ಅಪನಂಬಿಕೆ ಎಂದಲ್ಲ. ಅಲ್ಲಿ ತಪ್ಪಿದರೆ ಪೆಟ್ಟು ಬೀಳುವುದು ಬೇರೆಯವರಿಗೆ, ಅದಕ್ಕೆ. ‘ನಂಬಿಕಿ ಇಲ್ಲ’ ಎಂಬ ಮಾತಿಗೆ ನಾನು ಮಗಳಿಗೆ ಕೊಟ್ಟ ಉತ್ತರ ಇದು. ಅವಳಿಗೆ ಪೂರ್ತಿ ಹಿಡಿಸಲಿಲ್ಲ. ‘ಎಲ್ಲಾದಕ್ಕೂ ಆಫೀಸ್ ತರ್ತಿ’ ಎಂದಳು.

ಊರಿಗೆ ಹೋದಾಗ ಇದೇ ವಾದ ಬೇರೆ ರೂಪದಲ್ಲಿ ಎದುರಾಗುತ್ತದೆ. ನವಲಗುಂದದ ಕಡೆಯ ನಮ್ಮ ಹಳ್ಳಿಯಲ್ಲಿ ಹದಿಮೂರು ವರ್ಷದ ಹುಡುಗರು ಟ್ರ್ಯಾಕ್ಟರ್ ಓಡಿಸುತ್ತಾರೆ, ಹಿಂದೆ ಟ್ರೇಲಿ ಕಟ್ಟಿಕೊಂಡು. ರಜೆಯಲ್ಲಿ ಹೋದಾಗ ತಮ್ಮ ಹುಟ್ಟುಹಬ್ಬದ ಉಡುಗೊರೆ ಎಂದು ಸೊಸೆಯ ಕೈಗೆ ಬೈಕಿನ ಕೀ ಇಟ್ಟ. ನಾನು ತಡೆದೆ. ‘ಏ ಅಕ್ಕಾ, ಊರಾಗ ಯಾರ್ ಕೇಳ್ತಾರ? ಒಂದ್ ರೌಂಡ್ ಹೊಡೀಲಿ ಬಿಡು’ ಎಂದ. ಯಾರು ಕೇಳುತ್ತಾರೆ ಎಂಬುದು ನಮ್ಮ ಕಡೆ ಎಲ್ಲದಕ್ಕೂ ಕೊನೆಯ ಪ್ರಮಾಣ. ಹಳ್ಳಿಯ ರಸ್ತೆಯಲ್ಲಿ ಪೊಲೀಸರು ಕೇಳಲಿಕ್ಕಿಲ್ಲ. ಆದರೆ ಮನೆಯ ಮುಂದಿನ ರಸ್ತೆಯೂ ಸಾರ್ವಜನಿಕ ಸ್ಥಳವೇ. ಅಲ್ಲಿ ಕುರಿ, ಎಮ್ಮೆ, ಕಟ್ಟೆಯ ಮೇಲಿನ ಅಜ್ಜ, ಶಾಲೆಯ ಮಕ್ಕಳು, ಕಬ್ಬಿನ ಲಾರಿ ಎಲ್ಲವೂ ಇವೆ. ಹೆಲ್ಮೆಟ್ ಒಂದೇ ಇಲ್ಲ.

ಆದರೆ ತಮ್ಮನ ಮಾತಿನಲ್ಲಿ ನನಗೆ ಉಪಯೋಗಕ್ಕೆ ಬಂದ ಒಂದು ಅಂಶವಿತ್ತು. ಕಾಯ್ದೆ ತಡೆಯುವುದು ಸಾರ್ವಜನಿಕ ಸ್ಥಳದಲ್ಲಿ ಓಡಿಸುವುದನ್ನು. ಹಿಂಗಾರಿ ಕಡಲೆ, ಜೋಳದ ರಾಶಿ ಮುಗಿದ ಮೇಲೆ ಮೇ ತಿಂಗಳಲ್ಲಿ ನಮ್ಮ ಕಣ ಖಾಲಿ ಇರುತ್ತದೆ. ಎರೆ ಹೊಲದಲ್ಲಿ ಬಿರುಕು ಬಿಟ್ಟಿರುತ್ತದೆ, ಅಲ್ಲಿ ಆಗುವುದಿಲ್ಲ. ಕಣದ ನೆಲ ಗಟ್ಟಿ, ಸುತ್ತ ಬೇಲಿ, ಒಳಗೆ ನಾವು ಮೂವರು. ಅಲ್ಲಿ ಅವಳು ಹೆಲ್ಮೆಟ್ ಹಾಕಿಕೊಂಡು ಕಲಿತಳು. ನಾನು ಕಲಿಸಿದ್ದು ಓಡಿಸುವುದಕ್ಕಿಂತ ನಿಲ್ಲಿಸುವುದನ್ನು. ಎರಡೂ ಬ್ರೇಕನ್ನು ಒಟ್ಟಿಗೆ ಹಿಡಿಯುವುದು, ಮಣ್ಣಿನಲ್ಲಿ ಮುಂದಿನ ಬ್ರೇಕ್ ಒಂದನ್ನೇ ಜೋರಾಗಿ ಒತ್ತಿದರೆ ಚಕ್ರ ಹೇಗೆ ಜಾರುತ್ತದೆ, ತಿರುಗುವ ಮುಂಚೆ ಕನ್ನಡಿ ನೋಡಿ ಆಮೇಲೆ ಹೆಗಲ ಮೇಲಿಂದಲೂ ಯಾಕೆ ನೋಡಬೇಕು. ಇಂಡಿಕೇಟರ್ ಹಾಕಿ ಮರೆತರೆ ಹಿಂದಿನವನಿಗೆ ಏನು ಅರ್ಥವಾಗುತ್ತದೆ. ನಾಲ್ಕು ದಿನದಲ್ಲಿ ಅವಳು ತಮ್ಮನಿಗಿಂತ ಚೆನ್ನಾಗಿ ನಿಲ್ಲಿಸುತ್ತಿದ್ದಳು. ಅವನಿಗೆ ಬೇಸರವಾದದ್ದು ಬೇರೆ ಮಾತು.

ಪುಣೆಯಲ್ಲಿ ಈಗ ಅವಳು ನನ್ನ ಹಿಂದೆ ಕೂರುತ್ತಾಳೆ, ಅವಳದೇ ಐಎಸ್ಐ ಮುದ್ರೆಯ ಹೆಲ್ಮೆಟ್ ಹಾಕಿಕೊಂಡು. ಹಿಂದೆ ಕೂರುವವರಿಗೂ ಹೆಲ್ಮೆಟ್ ಕಡ್ಡಾಯ ಎಂಬುದನ್ನು ಈ ಊರು ಒಪ್ಪುವುದೇ ಇಲ್ಲ, ಹೆಲ್ಮೆಟ್ ವಿರುದ್ಧ ಮೋರ್ಚಾ ಮಾಡಿದ ಊರು ಇದು. ಕಾರಿನಲ್ಲಿ ಹೋಗುವಾಗ ಪಕ್ಕದ ಸೀಟಿನಲ್ಲಿ ಫೋನ್ ಬಿಟ್ಟು ಕೂರಬೇಕು, ಮುಂದೆ ಏನಾಗಬಹುದು ಎಂದು ಅವಳು ಮೊದಲೇ ಹೇಳಬೇಕು ಎಂಬ ಆಟ ಶುರು ಮಾಡಿದ್ದೇವೆ. ಎಡಗಡೆಯ ಬಸ್ಸು ಹೊರಡುತ್ತದೆ, ಆ ಬೈಕಿನವನು ಸಿಗ್ನಲ್ ಹಾರಿಸುತ್ತಾನೆ, ಹೀಗೆ. ಹತ್ತರಲ್ಲಿ ಏಳು ಸರಿ ಇರುತ್ತವೆ. ಕೆಲವೊಮ್ಮೆ ನನ್ನ ತಪ್ಪನ್ನೂ ಹಿಡಿಯುತ್ತಾಳೆ, ಅದು ಅವಳಿಗೆ ಈ ಆಟದ ಮುಖ್ಯ ಆಕರ್ಷಣೆ.

18 ತುಂಬಿದ ವಾರವೇ ಎಲ್ಎಲ್ ಮಾಡಿಸುತ್ತೇನೆ ಎಂದು ಮಾತು ಕೊಟ್ಟಿದ್ದೇನೆ. ಎಲ್ಎಲ್ ಪರೀಕ್ಷೆ ಈಗ ಆಧಾರ್ ಮೂಲಕ ಮನೆಯಲ್ಲೇ ಕುಳಿತು ಬರೆಯಬಹುದು. ಅನುಕೂಲ ಹೌದು. ಆದರೆ ಮಕ್ಕಳ ಪರೀಕ್ಷೆಯನ್ನು ಏಜೆಂಟನೋ ಅಣ್ಣನೋ ಪಕ್ಕದಲ್ಲಿ ಕುಳಿತು ಬರೆಸುತ್ತಾನೆ ಎಂಬುದೂ ಅಷ್ಟೇ ನಿಜ. ಎಲ್ಎಲ್ ಸಿಕ್ಕಿ 30 ದಿನ ಆದ ಮೇಲೆ ಚಾಲನಾ ಪರೀಕ್ಷೆ. ಆ ಲೈಸೆನ್ಸಿನ ಅವಧಿ ಆರು ತಿಂಗಳು. ಹೆಚ್ಚಿನವರು 31ನೇ ದಿನಕ್ಕೆ ಅಪಾಯಿಂಟ್‌ಮೆಂಟ್ ಹುಡುಕುತ್ತಾರೆ, ಮೈದಾನದಲ್ಲಿ ಎಂಟರ ಆಕಾರ ಸುತ್ತಿ ಬರುತ್ತಾರೆ. ನನಗೆ ಆ ಆರು ತಿಂಗಳೂ ಬೇಕು. ಮಳೆಯಲ್ಲಿ, ರಾತ್ರಿಯಲ್ಲಿ, ಗಣಪತಿ ಹಬ್ಬದ ಜನಜಂಗುಳಿಯಲ್ಲಿ ಒಮ್ಮೆಯಾದರೂ ನಾನು ಹಿಂದೆ ಕೂರಬೇಕು. ಎಂಟು ಸುತ್ತುವ ಪರೀಕ್ಷೆ ಇವಾವುದನ್ನೂ ನೋಡುವುದಿಲ್ಲ.

ನಡುವೆ ಒಂದು ಅಡ್ಡದಾರಿಯನ್ನೂ ಕೆಲವರು ತೋರಿಸಿದರು. ವೇಗ ಗಂಟೆಗೆ 25 ಕಿ.ಮೀ. ಮೀರದ, ಮೋಟರಿನ ಶಕ್ತಿ 250 ವ್ಯಾಟ್ ಒಳಗಿರುವ ಎಲೆಕ್ಟ್ರಿಕ್ ಸ್ಕೂಟರಿಗೆ ನೋಂದಣಿ ಬೇಡ, ಲೈಸೆನ್ಸೂ ಬೇಡ. ಅಂಗಡಿಗೆ ಹೋಗಿ ನೋಡಿದೆ. ನಾನು ಒಳಹೋಗಿ ಐದು ನಿಮಿಷವಾಗಿರಲಿಲ್ಲ, ಮಾರುವವನು ದನಿ ತಗ್ಗಿಸಿ, ‘ಮೇಡಂ, ಬೇಕಾದರೆ ಆಮೇಲೆ ಲಾಕ್ ತೆಗೆದುಕೊಡ್ತೀವಿ, 45 ಹೋಗುತ್ತೆ’ ಎಂದ. ಮಗಳ ಕಣ್ಣು ಮಿನುಗಿದ್ದನ್ನು ನೋಡಿ ಅಲ್ಲಿಂದ ಹೊರಬಂದೆ. ಲಾಕ್ ತೆಗೆದ ಕ್ಷಣಕ್ಕೆ ಅದು ನೋಂದಣಿ, ವಿಮೆ, ಲೈಸೆನ್ಸ್ ಮೂರೂ ಇಲ್ಲದ ಮೋಟಾರು ವಾಹನವಾಗುತ್ತದೆ. 16ರ ಮಕ್ಕಳಿಗೆ ನಿಜಕ್ಕೂ ಹೊಂದುವ ಗಾಡಿ ಇದೇ ಆಗಬಹುದಿತ್ತು ಎಂಬುದು ನನ್ನ ಅಭಿಪ್ರಾಯ. ಸರ್ಕಾರ 50 ಸಿಸಿಯ ಹಳೆಯ ವಿನಾಯಿತಿಯನ್ನು ಬದಿಗಿಟ್ಟು, ಇಂಥ ನಿಧಾನದ ಗಾಡಿಗೆ ಒಂದು ಎಲ್ಎಲ್, ಒಂದು ನಂಬರ್ ಪ್ಲೇಟ್, ಒಂದು ಹೆಲ್ಮೆಟ್, ತೆಗೆಯಲಾಗದ ಒಂದು ವೇಗಮಿತಿ ಎಂದು ಮಾಡಿದರೆ ಕಲಿಯುವುದಕ್ಕೆ ಒಂದು ಮೆಟ್ಟಿಲು ಸಿಗುತ್ತದೆ. ಈಗ ಮಕ್ಕಳಿಗೆ ಎರಡೇ ಆಯ್ಕೆ: ಏನೂ ಇಲ್ಲ, ಇಲ್ಲವೇ 110 ಸಿಸಿ.

ಹೊರನಾಡಿನಲ್ಲಿರುವ ನಮಗೆ ಇನ್ನೊಂದು ತೊಡಕಿದೆ, ಅದನ್ನೂ ಹೇಳಿಬಿಡುತ್ತೇನೆ. ಊರಲ್ಲಾದರೆ ಮಗು ಕ್ಲಾಸಿಗೆ ಹೋಗಿ ಬರಲು ಅಜ್ಜ, ಕಾಕಾ, ಪಕ್ಕದ ಮನೆಯವರು ಯಾರಾದರೂ ಇರುತ್ತಾರೆ. ಇಲ್ಲಿ ಗಂಡ ಹೆಂಡತಿ ಇಬ್ಬರೂ ಎಂಟಕ್ಕೆ ಲಾಗಿನ್. ಸ್ಕೂಟರ್ ಕೊಡುವ ತಾಯ್ತಂದೆಯರಲ್ಲಿ ಅನೇಕರು ಪ್ರೀತಿಗಾಗಲಿ ಪ್ರತಿಷ್ಠೆಗಾಗಲಿ ಕೊಡುವುದಿಲ್ಲ, ಬೇರೆ ದಾರಿ ಕಾಣದೆ ಕೊಡುತ್ತಾರೆ. ಅವರನ್ನು ಬೈಯುವುದು ಸುಲಭ. ನಮ್ಮ ಮನೆಯಿಂದ ಕ್ಲಾಸಿಗೆ ಏಳು ಕಿ.ಮೀ. ಮೆಟ್ರೊ 2022ರಲ್ಲಿ ಶುರುವಾಯಿತು, ಆದರೆ ಈ ದಾರಿಯಲ್ಲಿಲ್ಲ. ಪಿಎಂಪಿಎಂಎಲ್ ಬಸ್ಸು ಇದೆ, ಏಳು ಗಂಟೆಯ ಮೇಲೆ ಹತ್ತು ಹದಿನೈದು ನಿಮಿಷಕ್ಕೊಂದು ಸಿಗುತ್ತದೆ. ಆರು ಗಂಟೆಗೆ ಅದನ್ನು ನಂಬಿ ನಿಂತರೆ ಮೊದಲ ಪೀರಿಯಡ್ ತಪ್ಪುತ್ತದೆ. ಹೀಗಾಗಿ ನಾಲ್ಕು ಮನೆಯವರು ಸೇರಿ ಸರದಿ ಹಾಕಿಕೊಂಡಿದ್ದೇವೆ: ಒಬ್ಬರು ತೆಲುಗಿನವರು, ಇಬ್ಬರು ಮರಾಠಿಯವರು, ನಾವು. ವಾರಕ್ಕೆ ಒಂದೆರಡು ಬಾರಿ ಐದೂವರೆಗೆ ಏಳಬೇಕು. ಹಿಂದಿನ ರಾತ್ರಿ ಅಮೆರಿಕದವರ ಜೊತೆ ಕಾಲ್ ಇದ್ದರೆ ಅದು ಹಿಂಸೆಯೇ.

ಇದೇ ನಾಲ್ಕು ಮನೆಯವರು ಸೇರಿ ಕ್ಲಾಸಿಗೆ ಒಂದು ಪತ್ರವನ್ನೂ ಕೊಟ್ಟಿದ್ದೇವೆ. ಮೊದಲ ಬ್ಯಾಚನ್ನು ಆರೂವರೆಯಿಂದ ಏಳೂಕಾಲಿಗೆ ಸರಿಸಿ, ಮಕ್ಕಳು ಬಸ್ಸಿನಲ್ಲಿ ಬರುತ್ತಾರೆ ಎಂದು. ಜೊತೆಗೆ, ಲೈಸೆನ್ಸ್ ತೋರಿಸದ ವಿದ್ಯಾರ್ಥಿಗಳ ಗಾಡಿಯನ್ನು ಆವರಣದೊಳಗೆ ಬಿಡಬೇಡಿ ಎಂದೂ ಬರೆದೆವು. ಎರಡನೆಯ ಸಾಲು ಓದಿದ ಮ್ಯಾನೇಜರ್ ನಕ್ಕು, ‘ಹಾಗೆ ಮಾಡಿದರೆ ಅಡ್ಮಿಷನ್ ಎದುರಿನ ಕ್ಲಾಸಿಗೆ ಹೋಗುತ್ತೆ’ ಎಂದರು. ಸಮಯದ ಬಗ್ಗೆ ಮಾತ್ರ ಮೇಲಿನವರನ್ನು ಕೇಳಿ ಹೇಳುತ್ತೇನೆ ಎಂದಿದ್ದಾರೆ. ಮೂರು ವಾರವಾಯಿತು. ಸಹಿ ಮಾಡಿದವರ ಸಂಖ್ಯೆ ಈಗ ನಾಲ್ಕರಿಂದ ಹತ್ತೊಂಬತ್ತಕ್ಕೆ ಏರಿದೆ. ಅದರಲ್ಲಿ ಏಳು ಮನೆಯ ಮಕ್ಕಳು ಇವತ್ತಿಗೂ ಸ್ಕೂಟರಿನಲ್ಲೇ ಬರುತ್ತಿದ್ದಾರೆ. ಸೋಮವಾರ ಮತ್ತೆ ಹೋಗಿ ಕೇಳುತ್ತೇವೆ.